ಕುರುಡು ಸ್ಕೋಪ್

ದೋಹಾದ ಹಳೇ ಪೇಟೆ ಸೂಕಿನಲ್ಲಿ ಹದಿನಾರು ವರ್ಷ ಕೋವಿಯ ಮೇಲೆ ಕೂರಿಸಿ ಗುರಿ ನೋಡುವ ಸ್ಕೋಪುಗಳನ್ನು ಮಾರಿದ ಪಕೀರಬ್ಬ ತನ್ನ ಬದುಕಿನಲ್ಲಿ ಒಂದು ಗುಂಡನ್ನೂ ಹಾರಿಸಿದವನಲ್ಲ. ಕಳೆದ ಮಾರ್ಚಿನಲ್ಲಿ, ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆದು, ಗಾಜಿನ ಪೆಟ್ಟಿಗೆಗಳನ್ನು ಒರೆಸಿ, ಕುರ್ಚಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ. ನಲವತ್ತೊಂದು ವರ್ಷವಾಗಿತ್ತು. ಊರಿನಲ್ಲಿ ಅವನನ್ನು ಚೆನ್ನಾಗಿ ಬಲ್ಲವರು ಕಡಿಮೆ, ಏಕೆಂದರೆ ಅವನು ಅಲ್ಲಿರಲಿಲ್ಲ. ಇಲ್ಲಿ ದೋಹಾದಲ್ಲಿ ಬಲ್ಲವರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಹಾಗಾಗಿ ತೊಂಬತ್ತಾರನೇ ಇಸವಿಯ ಆ ಕೆಲವು ತಿಂಗಳುಗಳ ಸಂಗತಿಯನ್ನಾದರೂ ಯಾರಾದರೂ ಬರೆದಿಡಬೇಕು.

ಪಕೀರಬ್ಬ ಉಳ್ಳಾಲದ ಕಡೆಯವನು. ಹುಡುಗನಾಗಿದ್ದಾಗ ಮಂಗಳೂರು ಬಂದರಿನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕುಳಿತು ಸಣ್ಣ ಸ್ಕ್ರೂಗಳನ್ನು ತಿರುಗಿಸಲು ಕಲಿತಿದ್ದ. ಆ ಬೆರಳುಗಳನ್ನು ನೋಡಿಯೇ ಅರ್ಬಾಬ್ ಎಂದು ಕರೆಯುವ ಸೂಕಿನ ಮುದಿ ಧಣಿ ಅವನನ್ನು ಬೇಟೆ ಸಾಮಾನಿನ ಅಂಗಡಿಗೆ ಕರೆಸಿಕೊಂಡದ್ದು. ಗಿಡುಗದ ಕಣ್ಣಿಗೆ ಹಾಕುವ ಚರ್ಮದ ಟೋಪಿ, ಡೇರೆ, ದುರ್ಬೀನು, ಸ್ಕೋಪು ಎಲ್ಲವೂ ಅಲ್ಲಿತ್ತು. ಕೋವಿ ಮಾತ್ರ ಇರಲಿಲ್ಲ. ಗಿರಾಕಿಗಳು ಕೋವಿಯನ್ನು ಅಂಗಡಿಗೆ ತರಕೂಡದು, ನೌಕರರು ಅದನ್ನು ಮುಟ್ಟಕೂಡದು ಎಂಬುದು ಮುದಿ ಅರ್ಬಾಬ್ ಹೇಳಿಕೊಟ್ಟ ಮೊದಲ ಪಾಠ. ಕೋವಿಯ ಫೋಟೊ ಮತ್ತು ಅಳತೆಯ ಚೀಟಿ ನೋಡಿಯೇ ಪಕೀರಬ್ಬ ಸ್ಕೋಪು ಆರಿಸಿ, ಅದನ್ನು ಹಿಡಿದು ನಿಲ್ಲಿಸುವ ಉಕ್ಕಿನ ಬಳೆಗಳನ್ನು ಹೊಂದಿಸಿ ಕೊಡುತ್ತಿದ್ದ.

ಕುವೈತ್ ಯುದ್ಧ ಮುಗಿದ ಮೇಲೆ, ತೊಂಬತ್ತೊಂದರ ಏಪ್ರಿಲ್‌ನಲ್ಲಿ, ರಜೆ ಮುಗಿಸಿ ಅವನು ಊರಿನಿಂದ ಹೊರಟಾಗ ಹೆಂಡತಿ ಆಸಿಯಾಳಿಗೆ ಮೂರು ತಿಂಗಳು. ಮಗಳು ಫರ್ಝಾನಾ ಹುಟ್ಟಿದ್ದು ಅಕ್ಟೋಬರಿನಲ್ಲಿ. ಎರಡು ವರ್ಷಕ್ಕೆ ಸಿಗಬೇಕಾದ ರಜೆ ಮುದಿ ಅರ್ಬಾಬ್ ತೀರಿಕೊಂಡ ಗಲಾಟೆಯಲ್ಲಿ ಹೋಯಿತು. ಅಂಗಡಿ ಅವರ ಮಗ ಸಾಲಿಮನ ಕೈಗೆ ಬಂತು. ಮರುವರ್ಷ ಇನ್ನೊಬ್ಬ ನೌಕರ ಕೆಲಸ ಬಿಟ್ಟ, ಅದರ ಮರುವರ್ಷ ಗಿಡುಗದ ಸೀಸನ್ ಬೇಗ ಶುರುವಾಯಿತು. ಪಾಸ್‌ಪೋರ್ಟ್ ಸಾಲಿಮನ ಕಪಾಟಿನಲ್ಲಿ; ದೇಶದಿಂದ ಹೊರಗೆ ಕಾಲಿಡಲು ಅವನ ಸಹಿಯಿರುವ ಕಾಗದ ಬೇಕು. "ಬಾದೆನ್," ಆಮೇಲೆ ನೋಡೋಣ, ಎನ್ನುತ್ತ ಸಾಲಿಂ ಸಹಿಯನ್ನು ಮುಂದೂಡುತ್ತಲೇ ಬಂದಿದ್ದ.

ಆಸಿಯಾ ಪ್ರತಿ ಈದ್‌ಗೆ ಕಾಗದದ ಜೊತೆ ಒಂದು ನೂಲು ಕಳಿಸುತ್ತಿದ್ದಳು. ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಪಾದದಿಂದ ನೆತ್ತಿಯವರೆಗೆ ಅಳೆದು ಕತ್ತರಿಸಿದ ನೂಲು. ಪಕೀರಬ್ಬ ಅದನ್ನು ಮುಶೈರಿಬಿನ ತನ್ನ ಕೋಣೆಯ ಗೋಡೆಗೆ ಮೊಳೆ ಹೊಡೆದು ಇಳಿಬಿಡುತ್ತಿದ್ದ. ತೊಂಬತ್ತೈದರ ನೂಲು ಅವನ ಸೊಂಟ ದಾಟಿತ್ತು. ಕೆಲಸ ಮುಗಿಸಿ ಬಂದು ಅದರ ಪಕ್ಕದಲ್ಲಿ ನಿಂತು, ನೂಲಿನ ಮೇಲಿನ ತುದಿಯ ಮಟ್ಟಕ್ಕೆ ಅಂಗೈಯನ್ನು ಗಾಳಿಯಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದ. ಅದನ್ನು ಕಂಡ ಕೋಣೆಯವರು ತಮಾಷೆ ಮಾಡುತ್ತಿರಲಿಲ್ಲ.

ತೊಂಬತ್ತಾರರ ಜನವರಿಯಲ್ಲಿ, ರಂಜಾನಿಗೆ ಹತ್ತು ದಿನ ಇರುವಾಗ, ಸಾಲಿಮನ ಸೋದರಮಾವ ಬೂ ರಾಶಿದ್ ಅಂಗಡಿಗೆ ಬಂದರು. ಅರವತ್ತರ ಹತ್ತಿರದವರು, ಹೆಸರಾಂತ ಬೇಟೆಗಾರರು. ಎರಡು ವರ್ಷದ ಹಿಂದೆ ದುಖಾನ್ ರಸ್ತೆಯಲ್ಲಿ ಕಾರು ಉರುಳಿ ಅವರ ಎಡ ಭುಜ ಪುಡಿಯಾಗಿತ್ತು. ಎಡಗೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಉದ್ದ ರೈಫಲನ್ನು ಎತ್ತಿ ಹಿಡಿಯುವುದು ಮುಗಿದ ಮಾತಾಗಿತ್ತು. ಅವರು ಜೇಬಿನಿಂದ ಒಂದು ಫೋಟೊ ತೆಗೆದು ಮುಂದಿಟ್ಟರು: ಅಮೆರಿಕದಿಂದ ಪರವಾನಗಿ ಮಾಡಿಸಿ ತರಿಸಿದ, ಮೊಳದುದ್ದ ನಳಿಗೆಯ, ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಬೇಟೆಯ ಪಿಸ್ತೂಲು. ಕೋಲಿನ ಮೇಲೆ ನಳಿಗೆ ಊರಿಕೊಂಡು ಬಲಗೈ ಒಂದರಲ್ಲೇ ಹೊಡೆಯಬಹುದು. ಮೇ ತಿಂಗಳಲ್ಲಿ ಗೆಳೆಯರೊಡನೆ ಆಫ್ರಿಕಾಕ್ಕೆ ಜಿಂಕೆ ಬೇಟೆಗೆ ಹೋಗುವುದಿತ್ತು. ಅದಕ್ಕೊಂದು ಸ್ಕೋಪು ಬೇಕಿತ್ತು.

ಅವರ ಕಣ್ಣು ಗಾಜಿನ ಪೆಟ್ಟಿಗೆಯ ನಡುವಿದ್ದ ದೊಡ್ಡ ಸ್ಕೋಪಿನ ಮೇಲೆ ಬಿತ್ತು. ಜರ್ಮನಿಯದು, ಹನ್ನೆರಡು ಪಟ್ಟು ಹತ್ತಿರ ತೋರಿಸುವಂಥದ್ದು, ಮುಂದಿನ ಗಾಜು ಚಹಾದ ತಟ್ಟೆಯಷ್ಟಿತ್ತು. ಕಣ್ಣಿಗೆ ಹಿಡಿದು ಬಾಗಿಲಾಚೆ ನೋಡಿ "ಝೈನ್," ಚೆನ್ನಾಗಿದೆ, ಅಂದರು. ಶನಿವಾರ ಬಂದು ಒಯ್ಯುವುದಾಗಿ ಹೇಳಿ ಹೋದರು.

ಸಾಲಿಂ ಪಕೀರಬ್ಬನನ್ನು ಪಕ್ಕಕ್ಕೆ ಕರೆದ. "ಮಾಮ ಕೇಳಿದ್ದನ್ನೇ ಕೊಡು. ಅವರ ಮನಸ್ಸು ಸಂತೋಷವಾದರೆ ಈದ್‌ಗೆ ನೀನು ಊರಿನಲ್ಲಿ, ಸಹಿ ಹಾಕುತ್ತೇನೆ. ಬೇಸರವಾದರೆ ಖಲಾಸ್, ರಜೆಯ ಮಾತೇ ಬೇಡ."

ಮೂರು ವರ್ಷದಲ್ಲಿ ಸಾಲಿಂ ದಿನ ಗೊತ್ತುಮಾಡಿ ಹೇಳಿದ್ದು ಅದೇ ಮೊದಲು.

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಪಕೀರಬ್ಬನಿಗೆ ಫೋಟೊ ನೋಡುತ್ತ ಒಂದು ಸಂಶಯ ಹುಟ್ಟಿತು. ರೈಫಲನ್ನು ಭುಜಕ್ಕೆ ಒತ್ತಿ ಹಿಡಿದಾಗ ಸ್ಕೋಪು ತಾನಾಗಿ ಕಣ್ಣಿನ ಬಳಿ ಬರುತ್ತದೆ. ಪಿಸ್ತೂಲು ಹಾಗಲ್ಲ, ಕೈ ಚಾಚಿದ ತುದಿಯಲ್ಲಿರುತ್ತದೆ. ಅಷ್ಟು ದೂರದಿಂದ ಗಾಜಿನೊಳಗೆ ಏನು ಕಾಣುತ್ತದೆ? ಹದಿಮೂರು ವರ್ಷದಲ್ಲಿ ಆ ಪ್ರಶ್ನೆ ಅಂಗಡಿಗೆ ಬಂದಿರಲಿಲ್ಲ.

ಮಧ್ಯಾಹ್ನ ಸೂಕು ಮುಚ್ಚುವ ಹೊತ್ತಿಗೆ ಅವನು ಪಕ್ಕದ ಹಾರ್ಡ್‌ವೇರ್ ಅಂಗಡಿಯ ಅಬ್ದುಲ್ ಮಜೀದನಿಂದ ಡ್ರಿಲ್ಲಿಂಗ್ ಮಷೀನು ತಂದ. ಹಿಡಿಕೆ, ಬೆರಳಲ್ಲಿ ಎಳೆಯುವ ಕುದುರೆ, ಉದ್ದ ಮೂತಿ. ಅವನು ಮುಟ್ಟಬಹುದಾದ ಪಿಸ್ತೂಲು ಅದೊಂದೇ. ಕರಿ ಟೇಪು ಸುತ್ತಿ ದೊಡ್ಡ ಸ್ಕೋಪನ್ನು ಅದರ ಬೆನ್ನಿಗೆ ಕಟ್ಟಿದ. ಕೈ ಚಾಚಿ ಎದುರಿನ ಗೋಡೆಗೆ ಗುರಿ ಹಿಡಿದ. ಮಜೀದ್ ಬಾಗಿಲಲ್ಲೇ ನಿಂತು ನೋಡುತ್ತಿದ್ದ.

"ಬ್ಯಾಂಕಿಗೆ ನುಗ್ಗುವುದಾದರೆ ವೈರ್ ಪ್ಲಗ್ಗಿಗೆ ಮುಟ್ಟುತ್ತದಾ ಅಂತ ಮೊದಲು ನೋಡ್ಕೋ," ಅಂದ ಮಜೀದ್.

ಸ್ಕೋಪಿನಲ್ಲಿ ಕಂಡದ್ದು ಕಪ್ಪು ಉಂಗುರ, ಅದರ ನಡುವೆ ಸೂಜಿ ಚುಚ್ಚಿದಷ್ಟು ಬೆಳಕು. ಕೈ ಮಡಚಿ ಕಣ್ಣಿನ ಹತ್ತಿರ ತಂದ ಮೇಲೆಯೇ ಗೋಡೆ ಕಾಣಿಸಿದ್ದು. ಅಂಗಡಿಯಲ್ಲಿದ್ದ ಹತ್ತೂ ಸ್ಕೋಪುಗಳನ್ನು ಒಂದೊಂದಾಗಿ ಕಟ್ಟಿ ನೋಡಿದ. ಎಲ್ಲವೂ ಹಾಗೆಯೇ.

ಕೊನೆಗೆ ಅವನಿಗೆ ಕೆಳಗಿನ ಖಾನೆಯ ಕುರುಡು ಸ್ಕೋಪ್ ನೆನಪಾಯಿತು. ಗೇಣುದ್ದದ ಸಣ್ಣ ಸ್ಕೋಪು ಅದು. ಮುದಿ ಅರ್ಬಾಬ್ ಇರುವಾಗ ಯಾವುದೋ ಪಾರ್ಸೆಲಿನಲ್ಲಿ ಡಬ್ಬಿಯಿಲ್ಲದೆ, ಕಾಗದವಿಲ್ಲದೆ ಬಂದದ್ದು. ಕಣ್ಣಿಗೆ ಹಿಡಿದವರೆಲ್ಲ ಏನೂ ಕಾಣುವುದಿಲ್ಲವೆಂದು ಕೆಳಗಿಟ್ಟಿದ್ದರು. ಒಳಗಿನ ಗಾಜು ಜಾರಿದೆ ಎಂದು ಪಕೀರಬ್ಬನೇ ತೀರ್ಪು ಕೊಟ್ಟು, ಅರಬಿಯಲ್ಲಿ 'ಹಾಳಾಗಿದೆ' ಎಂದು ಚೀಟಿ ಅಂಟಿಸಿ ಒಳಗೆ ತಳ್ಳಿದ್ದ. ಈಗ ಅದನ್ನು ಡ್ರಿಲ್ಲಿಂಗ್ ಮಷೀನಿಗೆ ಕಟ್ಟಿ ಕೈ ಚಾಚಿದ.

ಗಲ್ಲಿಯ ಆಚೆ ತುದಿಯ ದರ್ಜಿ ಅಂಗಡಿಯ ಬೋರ್ಡು ಗಾಜಿನ ತುಂಬ ಬಂದು ನಿಂತಿತು. ಅಂಚಿನವರೆಗೂ ಬೆಳಕು, ನಡುವೆ ಸಪೂರ ಕೂಡುಗೆರೆ. ಅವನು ಕೈಯನ್ನು ಅಲ್ಲೇ ಚಾಚಿಕೊಂಡು ಬಹಳ ಹೊತ್ತು ನಿಂತ. ಏಳು ವರ್ಷ ಅಂಗಡಿಗೆ ಬಂದವರೆಲ್ಲ, ತಾನೂ ಸೇರಿ, ಅದನ್ನು ನೋಡಬಾರದಷ್ಟು ಹತ್ತಿರದಿಂದ ನೋಡಿದ್ದರು ಎಂದು ಅವನಿಗೆ ತಿಳಿಯಿತು.

ಊಟದ ಬುತ್ತಿ ಹಿಡಿದು ಯೂಜಿನ್ ಬಂದದ್ದು ಆಗ. ಅವನು ಬೆಳ್ತಂಗಡಿಯ ಕಡೆಯ ಕ್ರಿಶ್ಚಿಯನ್, ಹಡಗು ಕಂಪೆನಿಯೊಂದರಲ್ಲಿ ಗುಮಾಸ್ತ, ಪಕೀರಬ್ಬನಿಗೆ ಹತ್ತು ವರ್ಷದ ಗೆಳೆಯ. ಊರ ಕಡೆಯ ರೂಢಿಯಂತೆ ಕ್ರಿಶ್ಚಿಯನ್ ಯೂಜಿನ್ 'ಪೊರ್ಬು', ಮುಸ್ಲಿಂ ಪಕೀರಬ್ಬ 'ಬ್ಯಾರಿ'. ಇಬ್ಬರೂ ಮಧ್ಯಾಹ್ನದ ಊಟವನ್ನು ಅಂಗಡಿಯ ಹಿಂದೆ ಕುಳಿತು ಹಂಚಿಕೊಳ್ಳುತ್ತಿದ್ದರು.

"ಎಂತ ಬ್ಯಾರಿ, ಮಂಡೆ ಸಮ ಉಂಟಾ? ಡ್ರಿಲ್ಲಿಂಗ್ ಮಷೀನಿಗೆ ದುರ್ಬೀನು ಕಟ್ಟಿದ್ದಿ."

"ಪೊರ್ಬುಗಳೇ, ಇದರ ಇಂಗ್ಲಿಷ್ ಸ್ವಲ್ಪ ಓದಿ ಹೇಳಿ." ಪಕೀರಬ್ಬ ದೊಡ್ಡ ಸ್ಕೋಪಿನ ಡಬ್ಬಿಯಲ್ಲಿದ್ದ ಕಾಗದ ಕೊಟ್ಟ.

ಯೂಜಿನ್ ಓದಿದ. ಕಣ್ಣಿಗೂ ಗಾಜಿಗೂ ಮೂರೂವರೆ ಇಂಚು ದೂರ. ರೈಫಲಿಗೆ ಮಾತ್ರ. ಪಿಸ್ತೂಲಿಗೆ ಹಾಕಬಾರದು, ಕಣ್ಣಿಗೆ ಪೆಟ್ಟಾಗಬಹುದು. ಓದಿ ಮುಗಿಸಿದವನು ಹುಬ್ಬು ಮುಟ್ಟಿಕೊಂಡ. "ಕೋವಿ ಒದೆಯುತ್ತದೆ ಮಾರಾಯ. ಭುಜ ಅಡ್ಡ ಇದ್ದರೆ ಭುಜಕ್ಕೆ. ಇದರಲ್ಲಿ ಅಡ್ಡ ಏನೂ ಇಲ್ಲ, ಅಷ್ಟು ಹತ್ತಿರ ತಂದರೆ ಕಣ್ಣಿಗೇ ಬರ್ತದೆ. ನನ್ನ ಅಪ್ಪ ಹಂದಿ ಹೊಡೆಯಲಿಕ್ಕೆ ಹೋಗುವಾಗ..."

"ನಿಮ್ಮ ಅಪ್ಪ ಹೊಡೆದದ್ದು ನಾನು ತಿನ್ನುವ ಪ್ರಾಣಿ ಅಲ್ಲ. ಆ ಕತೆ ಬೇಡ."

ಇಬ್ಬರೂ ನಕ್ಕರು. ಆಮೇಲೆ ಪಕೀರಬ್ಬ ಸಾಲಿಂ ಹೇಳಿದ್ದನ್ನು ಹೇಳಿದ. ಯೂಜಿನ್ ಊಟ ನಿಲ್ಲಿಸಿದ.

"ಹಾಗಾದರೆ ದೊಡ್ಡದನ್ನೇ ಕೊಡು. ಅವರೇ ಆರಿಸಿದ್ದಲ್ಲವಾ? ನೀನು ಈದ್‌ಗೆ ಊರಿಗೆ ಹೋಗು. ಅವರು ಮರಳಿನಲ್ಲಿ ಒಂದು ಸಲ ಹಿಡಿದು ನೋಡಿದರೆ ತಿಳಿಯುತ್ತದೆ, ಬದಲಿಸಿಕೊಳ್ತಾರೆ."

"ತಿಳಿಯುವ ಮೊದಲು ಗುಂಡು ಹಾರಿಸಿದರೆ?"

"ಡಾಕ್ಟರು ಇದ್ದಾರೆ. ನಿನ್ನ ಮಗಳಿಗೆ ಐದಾಗ್ತಾ ಬಂತು. ಆ 'ಹಾಳಾಗಿದೆ' ಅಂತ ಚೀಟಿ ಇರುವುದನ್ನು ಅವರ ಕೈಗೆ ಕೊಟ್ಟರೆ ಏನು ಅಂದುಕೊಳ್ಳುವರು? ಬಾಯಿ ಮುಚ್ಚಿ ಕೂತ್ಕೋ ಪಕೀರಬ್ಬ, ಒಂದು ಸಲ."

ಆ ಮಾತನ್ನು ಆಡಿದ್ದು ಅವನ ಅತ್ಯಂತ ಹತ್ತಿರದ ಗೆಳೆಯ. ಅದನ್ನು ಇಲ್ಲಿ ಮುಚ್ಚಿಟ್ಟರೆ ಬರೆದದ್ದಕ್ಕೆ ಅರ್ಥವಿಲ್ಲ. ಪಕೀರಬ್ಬ ಬುತ್ತಿ ಮುಚ್ಚಿ ಎದ್ದ. ಎರಡು ರಾತ್ರಿ ಅವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯೂಜಿನ್ ಹೇಳಿದ್ದು ತಪ್ಪೆಂದು ಅನ್ನಿಸಲಿಲ್ಲ. ಕಣ್ಣು ಮುಚ್ಚಿದರೆ ಈದಿನ ಬೆಳಗು, ಬಾಗಿಲ ಮೆಟ್ಟಿಲು, ಮೆಟ್ಟಿಲ ಮೇಲೆ ಫೋಟೊದಲ್ಲಿ ಮಾತ್ರ ಕಂಡ ಮುಖ. ಆ ಮುಖದಿಂದ ಅವನನ್ನು ಬೇರೆ ಮಾಡಿದ್ದು ಒಂದು ಸಹಿ. ಆದರೆ ಬೆಳಗಾಗುವಾಗ ಪ್ರತಿ ಸಲವೂ ಅವನ ಕೈ ತನ್ನ ಹುಬ್ಬಿನ ಮೇಲಿರುತ್ತಿತ್ತು.

ಶನಿವಾರ ಬೂ ರಾಶಿದ್ ಬಂದು ಕುಳಿತರು. ಸಾಲಿಂ ಕಹ್ವಾ ಕಾಫಿ ತರಿಸಿದ. ಪಕೀರಬ್ಬ ದೊಡ್ಡ ಸ್ಕೋಪನ್ನು ಕಟ್ಟದೆ ಮೇಜಿನ ಮೇಲೆ ಹಾಗೆಯೇ ಇಟ್ಟ.

"ಇದು ನಿಮಗೆ ಆಗುವುದಿಲ್ಲ, ಹಾಜಿ," ಅಂದ.

ಸಾಲಿಮನ ಮುಖ ಬಿಗಿಯಾಯಿತು. ಬೂ ರಾಶಿದ್ ಲೋಟ ಕೆಳಗಿಟ್ಟರು. "ನೀನು ಎಂದಾದರೂ ಗುಂಡು ಹಾರಿಸಿದ್ದೀಯಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತು?"

ಪಕೀರಬ್ಬ ಮೇಜಿನ ಕೆಳಗಿನಿಂದ ಡ್ರಿಲ್ಲಿಂಗ್ ಮಷೀನು ತೆಗೆದು ಮುಂದಿಟ್ಟ. ಅದರ ವೈರು ನೆಲದ ಮೇಲೆ ಎಳೆದಾಡುತ್ತಿತ್ತು. ಬೂ ರಾಶಿದ್ ಮಷೀನನ್ನೂ ಅವನನ್ನೂ ನೋಡಿದರು. ಆಮೇಲೆ ಎದ್ದು, ಕುರ್ಚಿಯ ಬೆನ್ನಿನ ಮೇಲೆ ಅದರ ಮೂತಿ ಊರಿ, ಬಲಗೈ ಚಾಚಿ ಗಲ್ಲಿಯ ಕಡೆಗೆ ಗುರಿ ಹಿಡಿದರು. ಬುಟ್ಟಿ ಹೊತ್ತು ಹೋಗುತ್ತಿದ್ದವನೊಬ್ಬ ಪಕ್ಕಕ್ಕೆ ಸರಿದ.

"ಕಪ್ಪು. ಮಾಫಿ, ಏನೂ ಇಲ್ಲ." ಅವರು ಕೈ ಮಡಚಿ ಹತ್ತಿರ ತಂದರು. "ಈಗ ಕಾಣುತ್ತದೆ."

"ಈಗ ಗುಂಡು ಹಾರಿದರೆ ಈ ಉಕ್ಕು ನಿಮ್ಮ ಕಣ್ಣಿಗೆ ಬರುತ್ತದೆ," ಅಂದ ಪಕೀರಬ್ಬ. ಟೇಪು ಬಿಚ್ಚಿ ಸಣ್ಣದನ್ನು ಕಟ್ಟಿ ಕೊಟ್ಟ. "ಇದು ಎರಡು ಪಟ್ಟು ಮಾತ್ರ ತೋರಿಸುತ್ತದೆ. ಹನ್ನೆರಡು ಪಟ್ಟು ತೋರಿಸುವುದು ಕೈ ನಡುಗುವುದನ್ನೂ ಹನ್ನೆರಡು ಪಟ್ಟು ತೋರಿಸುತ್ತದೆ. ಒಂದೇ ಕೈಗೆ ಎರಡು ಸಾಕು. ಇದು ಹಾಳಾಗಿದೆ ಅಂತ ಚೀಟಿ ಅಂಟಿಸಿದ್ದು ನಾನೇ, ತಪ್ಪು ನನ್ನದು."

ಬೂ ರಾಶಿದ್ ನೋಡಿದರು. ಕೈ ಚಾಚಿಕೊಂಡೇ ದರ್ಜಿ ಅಂಗಡಿಯ ಬೋರ್ಡನ್ನು ಒಂದೊಂದೇ ಅಕ್ಷರ ಓದಿದರು. ಮಷೀನನ್ನು ಕೆಳಗಿಟ್ಟು, ಕುಳಿತು, ಅಳಿಯನ ಕಡೆ ತಿರುಗಿದರು.

"ಸಾಲಿಂ, ಇಂಥವನನ್ನು ಇಟ್ಟುಕೊಂಡು ನನಗೆ ಅದನ್ನು ಕೊಡಲು ಹೊರಟಿದ್ದೆಯಾ? ಬಳೆ ಹೊಂದಿಸುವುದು, ಗುರಿ ಕೂರಿಸುವುದು ಎಲ್ಲ ಇವನೇ ಮಾಡಬೇಕು. ನಾನು ಆಫ್ರಿಕಾದಿಂದ ಹಿಂತಿರುಗುವವರೆಗೆ ಇವನನ್ನು ಎಲ್ಲಿಗೂ ಕಳಿಸಬೇಡ."

ಹೊಗಳಿಕೆಯೇ ಅದು. ಆದರೆ ಅದರೊಂದಿಗೇ ಪಕೀರಬ್ಬನ ಈದಿನ ರಜೆ ಹೋಯಿತು. ಬಾಯಿ ತೆರೆದ. "ಹಾದಿರ್," ಆಗಲಿ, ಎಂಬ ಒಂದೇ ಮಾತು ಹೊರಬಂತು. ಹದಿಮೂರು ವರ್ಷದ ಅಭ್ಯಾಸ ಅದು.

"ನಾಲಿಗೆ ಎಲ್ಲಿ ಇಟ್ಟಿದ್ದೆ?" ಎಂದು ಯೂಜಿನ್ ಮಧ್ಯಾಹ್ನ ಕೇಳಿದ. "ಸತ್ಯ ಹೇಳಲಿಕ್ಕೆ ಬರ್ತದೆ, ರಜೆ ಕೇಳಲಿಕ್ಕೆ ಬರುದಿಲ್ಲ."

"ಒಂದು ದಿನಕ್ಕೆ ಒಂದೇ ಆಗುವುದು ಪೊರ್ಬುಗಳೇ."

ಈದ್ ಬಂತು, ಹೋಯಿತು. ಹೊಸ ನೂಲು ಬಂತು. ಕಾಗದದಲ್ಲಿ ಆಸಿಯಾ ಬರೆದಿದ್ದಳು: ಐದು ತುಂಬದಿದ್ದರೂ ಜೂನಿಗೆ ಫರ್ಝಾನಾಳನ್ನು ಶಾಲೆಗೆ ಸೇರಿಸುತ್ತೇವೆ, ಎಲ್ಲ ಮಕ್ಕಳನ್ನೂ ಮೊದಲ ದಿನ ತಂದೆಯವರು ಕರಕೊಂಡು ಹೋಗುತ್ತಾರಂತೆ, ನನ್ನ ಉಪ್ಪ ಬರ್ತಾರಾ ಅಂತ ಅವಳು ನನ್ನನ್ನು ಕೇಳಿದಳು. ಪಕೀರಬ್ಬ ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಶುಕ್ರವಾರ ಪಕ್ಕದ ಮನೆಯ ಫೋನಿಗೆ ಕರೆ ಮಾಡಿದಾಗ ಮಗಳು ಆಚೆಯಿಂದ ಉಸಿರಾಡುವುದು ಕೇಳುತ್ತಿತ್ತು, ಮಾತಾಡುತ್ತಿರಲಿಲ್ಲ. ಆ ಉಸಿರಿಗೂ ಅವನು ಕಾರ್ಡಿನ ಕೊನೆಯ ನಿಮಿಷದವರೆಗೆ ಕಾಯುತ್ತಿದ್ದ.

ಏಪ್ರಿಲ್ ಕೊನೆಗೆ ಬೂ ರಾಶಿದ್ ಅವನನ್ನು ತಮ್ಮ ಗಾಡಿಯಲ್ಲಿ ಅಲ್ ಖೋರ್ ರಸ್ತೆಯಿಂದ ಒಳಗೆ, ತಮ್ಮ ತೋಟದ ಆಚೆಯ ಬಯಲಿಗೆ ಕರೆದುಕೊಂಡು ಹೋದರು. ಬೆಳಗಿನ ಆರು ಗಂಟೆ. ಅವರು ಕೋಲಿಗೆ ಪಿಸ್ತೂಲು ಊರಿ ಗುಂಡು ಹಾರಿಸುವರು, ತೆಗೆದು ಮೇಜಿನ ಮೇಲೆ ಇಡುವರು. ಪಕೀರಬ್ಬ ಕೋವಿಯನ್ನು ಮುಟ್ಟದೆ, ಬಾಗಿ, ಸ್ಕೋಪಿನ ಸ್ಕ್ರೂವನ್ನು ಮಾತ್ರ ಒಂದು ಕೂದಲೆಳೆಯಷ್ಟು ತಿರುಗಿಸುವನು. ಮೊದಲ ಗುಂಡು ಗುರಿಗೆ ನಿಲ್ಲಿಸಿದ ತಗಡಿನ ಎಡಕ್ಕೆ ಮರಳೆಬ್ಬಿಸಿತು. ಮೂರನೆಯದು ತಗಡಿನ ಅಂಚಿಗೆ. ಏಳನೆಯದು ನಡುವಿಗೆ. ಎಂಟನೆಯದೂ ನಡುವಿಗೆ.

ಬೂ ರಾಶಿದ್ ಪಿಸ್ತೂಲು ಇಟ್ಟು ಮರಳಿನ ಮೇಲೆ ಕುಳಿತರು. ಥರ್ಮಾಸಿನಿಂದ ಚಹಾ ಬಗ್ಗಿಸಿ ಅವನಿಗೂ ಕೊಟ್ಟರು.

"ಎರಡು ವರ್ಷ ಗೆಳೆಯರು ಸೇರುವ ಮಜ್ಲಿಸಿನಲ್ಲಿ ಕುಳಿತು ಬೇರೆಯವರ ಬೇಟೆಯ ಕತೆ ಕೇಳಿದೆ. ಬಂದವರೆಲ್ಲ ಕೈ ಹೇಗಿದೆ ಅಂತ ಕೇಳಿದರು. ಏನು ಬೇಕೆನಿಸುತ್ತದೆ ಅಂತ ಯಾರೂ ಕೇಳಲಿಲ್ಲ." ಚಹಾ ಕುಡಿದು ಕೇಳಿದರು, "ನಿನಗೆ ಏನು ಬೇಕೆನಿಸುತ್ತದೆ?"

ಪಕೀರಬ್ಬ ಮರಳು ನೋಡುತ್ತ ಹೇಳಿದ. "ನನಗೊಬ್ಬಳು ಮಗಳಿದ್ದಾಳೆ."

"ಎಷ್ಟು ವರ್ಷ?"

"ನಾಲ್ಕೂವರೆ."

"ನೋಡಿ ಎಷ್ಟು ಕಾಲವಾಯಿತು?"

"ನೋಡಿಲ್ಲ."

ಅವರು ಲೋಟ ಕೆಳಗಿಟ್ಟರು. "ಈದ್‌ಗೆ ಏಕೆ ಹೋಗಲಿಲ್ಲ?" ಎಂದು ಕೇಳಿದವರು ಉತ್ತರಕ್ಕೆ ಕಾಯಲಿಲ್ಲ, ಅವರಿಗೇ ಹೊಳೆಯಿತು. "ಹಿಡಿದು ನಿಲ್ಲಿಸಿದ್ದು ನಾನು."

"ನಿಮಗೆ ತಿಳಿದಿರಲಿಲ್ಲ."

"ತಿಳಿಯದೆ ಹಿಡಿದರೂ ನಿನಗೆ ದಿನ ಹೋದದ್ದು ಹೋದದ್ದೇ." ಪಿಸ್ತೂಲಿನ ಕಡೆ ನೋಡಿ, "ಆದರೆ ಅಲ್ಲಿ ಸ್ಕ್ರೂ ಸಡಿಲವಾದರೆ ನಾನೇನು ಮಾಡಲಿ?" ಅಂದರು.

ಪಕೀರಬ್ಬ ಜೇಬಿನಿಂದ ತನ್ನ ಸಣ್ಣ ತಿರುಪುಳಿ ತೆಗೆದ. ಗಡಿಯಾರದ ಅಂಗಡಿಯ ಕಾಲದ್ದು. "ನಾಲ್ಕೇ ಸ್ಕ್ರೂ ಹಾಜಿ. ಬಲಗೈ ಸಾಕು. ತೋರಿಸಿಕೊಡುತ್ತೇನೆ." ಬಿಸಿಲೇರುವವರೆಗೆ ಅವನು ಆ ದೊಡ್ಡ ಬೆರಳುಗಳಿಗೆ ಬಿಗಿಯುವುದನ್ನೂ ಸಡಿಲಿಸುವುದನ್ನೂ ಕಲಿಸಿದ. ಅವರು ಎರಡು ಸಲ ಸ್ಕ್ರೂ ಬೀಳಿಸಿ ಮರಳಿನಲ್ಲಿ ಹುಡುಕಿದರು. ಐದನೇ ಸಲಕ್ಕೆ ಸರಿಯಾಯಿತು. "ಯಲ್ಲಾ, ಹೊರಡು," ಅಂದರು, "ಇನ್ನು ನಿನ್ನಿಂದ ನನಗೆ ಏನೂ ಬೇಡ."

ಆ ಮಾತಿನಷ್ಟು ಸುಖವನ್ನು ಅವನಿಗೆ ಯಾವ ಮಾತೂ ಕೊಟ್ಟಿರಲಿಕ್ಕಿಲ್ಲ. ಮರುವಾರ ಸಾಲಿಂ ಸಹಿ ಹಾಕಿದ. ಮೂವತ್ತು ದಿನ, ಹೋಗುವುದೂ ಬರುವುದೂ ಸೇರಿ. ಮೇ ಹತ್ತಕ್ಕೆ ವಿಮಾನ.

ಊರಿನಲ್ಲಿ ಫರ್ಝಾನಾ ತಾಯಿಯ ಸೆರಗಿನ ಹಿಂದಿನಿಂದ ಅವನನ್ನು ನೋಡಿದಳು. ಮೂರನೇ ದಿನ ಅವನ ಎದುರಿಗೇ ಆಸಿಯಾಳನ್ನು ಕೇಳಿದಳು, "ಇವರು ಯಾವಾಗ ಹೋಗುದು?" ಆಸಿಯಾ ಗದರಿಸಲು ಹೋದಾಗ ಪಕೀರಬ್ಬ ತಡೆದ. ಹತ್ತಿರ ಕರೆಯಲಿಲ್ಲ, ಎತ್ತಿಕೊಳ್ಳಲಿಲ್ಲ. ಅವಳು ಆಡುವಲ್ಲಿ ಸ್ವಲ್ಪ ದೂರ ಕುಳಿತು, ಮನೆಯ ನಿಂತುಹೋದ ಗಡಿಯಾರವನ್ನು ಬಿಚ್ಚಿ ಜೋಡಿಸುತ್ತಿದ್ದ. ಅದು ಎರಡು ವಾರ ರಿಪೇರಿಯಾಯಿತು. ಅಷ್ಟು ದಿನ ಹಿಡಿಯುವ ಕೆಲಸವೇನೂ ಅದರಲ್ಲಿರಲಿಲ್ಲ.

ಜೂನ್ ಒಂದಕ್ಕೆ ಶಾಲೆ. ಅವನಿಗೆ ಸಿಕ್ಕಿದ್ದು ಏಳು ಬೆಳಗು. ದೋಹಾಕ್ಕೆ ಮರಳಿದ ಮೇಲೆ ಅವನು ಆ ಏಳನ್ನೂ ಯೂಜಿನ್‌ಗೆ ಒಂದೊಂದಾಗಿ ಹೇಳಿದ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಹಲವು ವಾರ. ಮೊದಲ ದಿನ ಅವಳು ಹತ್ತು ಹೆಜ್ಜೆ ಮುಂದೆ ನಡೆದಳು. ಮೂರನೇ ದಿನ ಚೀಲವನ್ನು ಅವನ ಕೈಗೆ ಕೊಟ್ಟಳು, ಮುಖ ನೋಡದೆ. ಐದನೇ ದಿನ ಮಳೆ ಜೋರಾಗಿ ಕೊಡೆಯೊಳಗೆ ಬರಲೇಬೇಕಾಯಿತು. ಅವನ ಎಡ ಮೈ ಪೂರ್ತಿ ನೆನೆಯಿತು, ಅವಳ ಒಂದು ಜಡೆಯೂ ನೆನೆಯಲಿಲ್ಲ. ಆರನೇ ದಿನದ ಬಗ್ಗೆ ಹೇಳುವಾಗ ಅವನು ಪ್ರತಿ ಸಲ ನಿಲ್ಲಿಸಿ ನೀರು ಕುಡಿಯುತ್ತಿದ್ದ. ಆ ದಿನ ಅವಳು ಅವನ ಕಿರುಬೆರಳು ಹಿಡಿದಿದ್ದಳು.

ಏಳನೇ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಇನ್ನೊಂದು ಹುಡುಗಿ ಅವನನ್ನು ತೋರಿಸಿ ಇದು ಯಾರು ಎಂದು ಕೇಳಿದಳು.

"ನನ್ನ ಉಪ್ಪ," ಅಂದಳು ಫರ್ಝಾನಾ. "ನಾಳೆಯೂ ಬರ್ತಾರೆ."

ದೋಹಾದ ವಿಮಾನ ಹಿಡಿಯಲು ಅವನು ಮುಂಬಯಿಗೆ ಹೊರಡಬೇಕಾದ ಬಸ್ಸು ಆ ದಿನ ಸಂಜೆ ಐದಕ್ಕೆ. ಪಕೀರಬ್ಬ ಚೀಲವನ್ನು ಅವಳ ಹೆಗಲಿಗೆ ಏರಿಸಿ, ಪಟ್ಟಿ ಸರಿಮಾಡಿ, ಅವಳು ಒಳಗೆ ಹೋಗಿ ತನ್ನ ಬೆಂಚಿನಲ್ಲಿ ಕುಳಿತುಕೊಳ್ಳುವವರೆಗೂ ಕಿಟಕಿಯ ಹೊರಗೆ ನಿಂತಿದ್ದ. ಅವಳಿಗೆ ತಿದ್ದಿ ಹೇಳಲಿಲ್ಲ.